ಓದಲು ಬರುತ್ತದೆ, ಓದಿದ್ದು ತಿಳಿಯುವುದಿಲ್ಲ: 4–5ನೇ ತರಗತಿಯಲ್ಲಿ ಗ್ರಹಿಕೆ ಕಲಿಸುವ ಕ್ರಮ

ನಾಲ್ಕನೇ ತರಗತಿಯ ಮಗು ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದುತ್ತದೆ. ಪುಸ್ತಕ ಮುಚ್ಚಿಸಿ ‘ಏನಾಯಿತು ಹೇಳು’ ಎಂದರೆ ನಿಮ್ಮ ಮುಖವನ್ನೇ ನೋಡುತ್ತದೆ. ಏನು ಮಾಡಬೇಕು? ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲೆಯ ಕಡೆಯಿಂದಲೂ ಶಿರಸಿ, ಸಿದ್ದಾಪುರದ ಕಡೆಯಿಂದಲೂ ಶಿಕ್ಷಕರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಇನ್ನೂ ಹೆಚ್ಚು ಓದಿಸಿ, ಇನ್ನೂ ಹೆಚ್ಚು ಪ್ರಶ್ನೆ ಕೇಳಿ. ಎರಡರಿಂದಲೂ ದೊಡ್ಡ ಉಪಯೋಗವಿಲ್ಲ.

ಪ್ರಶ್ನೆ ಕೇಳುವುದು ಅಳೆಯುವ ಕೆಲಸ, ಕಲಿಸುವ ಕೆಲಸವಲ್ಲ. 1970ರ ದಶಕದ ಕೊನೆಯಲ್ಲಿ ಅಮೆರಿಕದ ಸಂಶೋಧಕಿ ಡೊಲೊರೆಸ್ ಡರ್ಕಿನ್ ಪ್ರಾಥಮಿಕ ತರಗತಿಗಳಲ್ಲಿ ಕೂತು ಗಮನಿಸಿದಾಗ ಕಂಡದ್ದೂ ಇದೇ. ಗ್ರಹಿಕೆಯ ಹೆಸರಿನಲ್ಲಿ ಬಹುಪಾಲು ಪ್ರಶ್ನೋತ್ತರವೇ ನಡೆಯುತ್ತಿತ್ತು. ಅರ್ಥ ಮಾಡಿಕೊಳ್ಳುವುದು ಹೇಗೆಂದು ತೋರಿಸಿಕೊಡುವ ಕೆಲಸ ತೀರ ಕಡಿಮೆಯಿತ್ತು.

ನಂಬಿಕೆ ಬಾರದಿದ್ದರೆ ನಾಳೆ ಈ ಸಾಲನ್ನು ಹಲಗೆಯ ಮೇಲೆ ಬರೆಯಿರಿ:

ಗುಮ್ಮಳನು ಮರ್ಪಿನಿಂದ ಟುಪ್ಪಳವನ್ನು ಲಪ್ಪಿಸಿದನು.

ಲಪ್ಪಿಸಿದವರು ಯಾರು? ಏನನ್ನು ಲಪ್ಪಿಸಿದನು? ಯಾವುದರಿಂದ? ಅರ್ಥವೇ ಇಲ್ಲದ ಸಾಲಿಗೆ ಇಡೀ ತರಗತಿ ಮೂರಕ್ಕೆ ಮೂರು ಸರಿ ಉತ್ತರ ಕೊಡುತ್ತದೆ. ಕನ್ನಡದ ವಿಭಕ್ತಿ ಪ್ರತ್ಯಯಗಳು, ಅಂದರೆ ನಾಮಪದದ ಕೊನೆಗೆ ಅಂಟುವ ‘ಅನ್ನು’, ‘ಇಂದ’, ‘ಗೆ’ ಮುಂತಾದವು, ಪ್ರಶ್ನೆಯಲ್ಲೂ ಉತ್ತರದಲ್ಲೂ ಒಂದೇ ಆಗಿರುತ್ತವೆ. ಮಗು ಬಾಲ ನೋಡಿ ಬಾಲ ಜೋಡಿಸಿದರೆ ಸಾಕು. ಪಾಠದ ಕೊನೆಯ ‘ಒಂದು ವಾಕ್ಯದಲ್ಲಿ ಉತ್ತರಿಸಿ’ ಪ್ರಶ್ನೆಗಳಲ್ಲಿ ಅನೇಕವು ಈ ಬಗೆಯವು. ಅವುಗಳಲ್ಲಿ ಪೂರ್ತಿ ಅಂಕ ಪಡೆದ ಮಗುವಿಗೆ ಪಾಠ ತಿಳಿದಿದೆ ಎಂದು ಹೇಳಲು ಬರುವುದಿಲ್ಲ.

ಹಾಗಾದರೆ ಕಲಿಸುವುದು ಎಂದರೇನು? ಚೆನ್ನಾಗಿ ಓದುವವರು ಓದುವಾಗ ತಲೆಯೊಳಗೆ ಏನು ಮಾಡುತ್ತಾರೋ ಅದನ್ನು ಹೊರಗೆ ತೆಗೆದು ತೋರಿಸುವುದು. ಅದಕ್ಕೊಂದು ಕ್ರಮವಿದೆ.

ಏನೇನು ಬೇಕು

ವಾರಕ್ಕೆ 40 ನಿಮಿಷದ ಮೂರು ಅವಧಿ. 60ರಿಂದ 120 ಪದಗಳ ಗದ್ಯ ತುಣುಕುಗಳು, ವಾರಕ್ಕೆ ಒಂದು. ಹಲಗೆ, ಸುಣ್ಣದ ಕಡ್ಡಿ, ನಾಲ್ವರ ಗುಂಪಿಗೆ ನಾಲ್ಕರಂತೆ ರಟ್ಟಿನ ಕಾರ್ಡು, ನಿಮಗೊಂದು ನೋಟ್‌ಬುಕ್. ಜೆರಾಕ್ಸ್ ಮಾಡಿಸುವ ಅನುಕೂಲವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ತುಣುಕನ್ನು ಹಿಂದಿನ ಸಂಜೆಯೇ ಹಲಗೆಯ ಮೇಲೆ ಬರೆದಿಡಿ.

ಜೂನ್–ಜುಲೈ ತಿಂಗಳಲ್ಲಿ ಕರಾವಳಿಯಲ್ಲೂ ಘಟ್ಟದ ಮೇಲೂ ಮಳೆ ರಜೆ, ಗೈರುಹಾಜರಿ ಹೆಚ್ಚು. ಆ ಎರಡು ತಿಂಗಳಲ್ಲಿ ಹಂತ 1 ಮಾತ್ರ ಮುಗಿಸಿ. ಉಳಿದದ್ದನ್ನು ಆಗಸ್ಟ್‌ನಲ್ಲಿ ಆರಂಭಿಸಿದರೆ ಮಧ್ಯೆ ಕಡಿಯುವುದಿಲ್ಲ.

ಹಂತ 1: ತೊಡಕು ಎಲ್ಲಿದೆ ಎಂದು ಗುರುತಿಸಿ

ಓದಿ ತಿಳಿಯುವುದಕ್ಕೆ ಎರಡು ಸಾಮರ್ಥ್ಯ ಬೇಕು: ಅಕ್ಷರ ಬಿಡಿಸಿ ಪದ ಓದುವುದು, ಮತ್ತು ಕೇಳಿಸಿಕೊಂಡ ಭಾಷೆಯನ್ನು ಅರ್ಥ ಮಾಡಿಕೊಳ್ಳುವುದು. ಗಫ್ ಮತ್ತು ಟನ್ಮರ್ ಎಂಬಿಬ್ಬರು ಸಂಶೋಧಕರು 1986ರಲ್ಲಿ ಇದನ್ನು ಕೂಡುವ ಲೆಕ್ಕವಾಗಿ ಅಲ್ಲ, ಗುಣಿಸುವ ಲೆಕ್ಕವಾಗಿ ಮಂಡಿಸಿದರು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಆದ್ದರಿಂದ ಮಗುವಿಗೆ ಯಾವುದು ಕಡಿಮೆಯಿದೆ ಎಂದು ತಿಳಿಯದೆ ಔಷಧಿ ಕೊಡುವಂತಿಲ್ಲ.

ಮಗು ಹಿಂದೆ ಓದಿರದ, ಒಂದೇ ಮಟ್ಟದ ಎರಡು ತುಣುಕು ತೆಗೆದುಕೊಳ್ಳಿ, ತಲಾ 60–80 ಪದ. ಮೊದಲನೆಯದನ್ನು ಮಗುವೇ ನಿಮ್ಮ ಪಕ್ಕ ಕೂತು ಗಟ್ಟಿಯಾಗಿ ಓದಲಿ, ಆಮೇಲೆ ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ಹೇಳಲಿ. ಎರಡನೆಯದನ್ನು ನೀವು ಓದಿ ಹೇಳಿ, ಮಗು ಕೇಳಿ ಮತ್ತೆ ಹೇಳಲಿ. ಒಂದು ಮಗುವಿಗೆ ಎಂಟು–ಹತ್ತು ನಿಮಿಷ ಹಿಡಿಯುತ್ತದೆ. ದಿನಕ್ಕೆ ಇಬ್ಬರಂತೆ ಮಾಡಿದರೆ ನಮ್ಮ ಜಿಲ್ಲೆಯ ಸಣ್ಣ ಶಾಲೆಗಳಲ್ಲಿ ಬೇಗ ಮುಗಿಯುತ್ತದೆ.

ಕೇಳಿದ್ದನ್ನು ಹೇಳುತ್ತದೆ, ಓದಿದ್ದನ್ನು ಹೇಳುವುದಿಲ್ಲ ಎಂದಾದರೆ ತೊಡಕು ಅಕ್ಷರದಲ್ಲಿದೆ. ಒತ್ತಕ್ಷರ ಮತ್ತು ಗುಣಿತದ ಅಭ್ಯಾಸ ದಿನಕ್ಕೆ 15 ನಿಮಿಷ ಪ್ರತ್ಯೇಕವಾಗಿ ನಡೆಯಬೇಕು. ಆದರೆ ಅಂಥ ಮಗುವನ್ನು ಮುಂದಿನ ಹಂತಗಳಿಂದ ಹೊರಗಿಡಬೇಡಿ, ನೀವು ಓದಿದ್ದನ್ನು ಕೇಳಿಸಿಕೊಂಡೇ ಅದು ಭಾಗವಹಿಸಲಿ. ಓದುವುದು ಸರಾಗ, ಆದರೆ ಎರಡನ್ನೂ ಹೇಳಲಾರದು ಎಂದಾದರೆ ತೊಡಕು ಭಾಷೆಯಲ್ಲಿ ಅಥವಾ ವಿಷಯದ ತಿಳಿವಳಿಕೆಯಲ್ಲಿದೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಇಲ್ಲಿ ಮೂರು ಕಡೆ ಎಡವುತ್ತೇವೆ.

ಒಂದು, ಮನೆಮಾತು. ಕಾರವಾರ, ಅಂಕೋಲಾ ದಂಡೆಯ ಅನೇಕ ಮಕ್ಕಳ ಮನೆಮಾತು ಕೊಂಕಣಿ, ಹಳಿಯಾಳ, ಜೋಯಿಡಾ ಕಡೆ ಮರಾಠಿ, ಭಟ್ಕಳದಲ್ಲಿ ನವಾಯಿತಿ. ‘ನಿನ್ನ ಮನೆ ಮಾತಿನಲ್ಲೇ ಹೇಳು’ ಎಂದು ಬಿಡಿ. ಕೊಂಕಣಿಯಲ್ಲಿ ಕಥೆ ಪೂರ್ತಿ ಹೇಳಿದರೆ ಗ್ರಹಿಕೆ ಇದೆ, ಕನ್ನಡದಲ್ಲಿ ಹೇಳುವ ಅಭ್ಯಾಸ ಮಾತ್ರ ಕಡಿಮೆ ಎಂದರ್ಥ. ನಿಮಗೆ ಆ ಭಾಷೆ ಬಾರದಿದ್ದರೆ ಬರುವ ಇನ್ನೊಂದು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಎರಡು, ಉಚ್ಚಾರವನ್ನು ತಪ್ಪೆಂದು ಎಣಿಸುವುದು. ‘ಶ’ ಬದಲು ‘ಸ’, ‘ಹ’ ಬದಲು ‘ಅ’ ಬಂದರೆ ಅದು ಓದಿನ ತಪ್ಪಲ್ಲ. ಆದರೆ ‘ಬಂದರೂ’ ಇದ್ದಲ್ಲಿ ‘ಬಂದರೆ’ ಎಂದು ಓದಿದರೆ ಅದು ತಪ್ಪು, ಅರ್ಥವೇ ತಿರುಗಿ ಬೀಳುತ್ತದೆ. ಹತ್ತು ಪದಕ್ಕೆ ಒಂದಕ್ಕಿಂತ ಹೆಚ್ಚು ನಿಜವಾದ ತಪ್ಪು ಬರುತ್ತಿದ್ದರೆ ತುಣುಕು ಆ ಮಗುವಿಗೆ ಕಷ್ಟದ್ದು. ಬೇರೆಯದು ಕೊಡಿ.

ಮೂರು, ವೇಗದ ಗೀಳು. 2021ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೇ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ ಓದುವ ಗುರಿ ಇಟ್ಟಿದೆ. ಆ ಗುರಿಯಲ್ಲೇ ‘ಅರ್ಥಸಹಿತ’ ಎಂಬ ಮಾತೂ ಇದೆ, ಅದನ್ನು ನಾವು ಬಿಟ್ಟುಬಿಡುತ್ತೇವೆ. ಕನ್ನಡದ ಪದ ಉದ್ದವೂ ಹೌದು. ‘ಹೋಗಬೇಕಾಗಿತ್ತು’ ಎಂಬುದು ಎಣಿಕೆಯಲ್ಲಿ ಒಂದೇ ಪದ. ಗಡಿಯಾರ ಹಿಡಿದು ಓಡಿಸಿದರೆ ಮಗು ಪ್ರತ್ಯಯಗಳನ್ನು ನುಂಗಿ ಓದಲು ಕಲಿಯುತ್ತದೆ.

ಹಂತ 2: ತುಣುಕು ಆರಿಸಿ, ಪದಗಳನ್ನು ಸಿದ್ಧಮಾಡಿ

ಮೊದಲ ನಾಲ್ಕು ವಾರ ಮಕ್ಕಳಿಗೆ ಗೊತ್ತಿರುವ ಲೋಕದ ತುಣುಕುಗಳನ್ನೇ ಕೊಡಿ. ಹೊಸ ವಿಷಯ, ಹೊಸ ವಿಧಾನ ಎರಡೂ ಒಟ್ಟಿಗೆ ಬಂದರೆ ಯಾವುದೂ ತಲೆಗೆ ಹೋಗುವುದಿಲ್ಲ. ರೆಕ್ಟ್ ಮತ್ತು ಲೆಸ್ಲಿ ಎಂಬ ಅಮೆರಿಕದ ಸಂಶೋಧಕರು 1988ರಲ್ಲಿ ಬೇಸ್‌ಬಾಲ್ ಆಟದ ಬಗೆಗಿನ ಒಂದು ಬರಹವನ್ನು ಮಕ್ಕಳಿಗೆ ಓದಿಸಿ ನೋಡಿದ್ದರು. ಓದಿನಲ್ಲಿ ಹಿಂದಿದ್ದರೂ ಆ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಹೆಚ್ಚು ಚೆನ್ನಾಗಿ ಮತ್ತೆ ಹೇಳಿದರು.

ನಮ್ಮಲ್ಲೂ ಹಾಗೆಯೇ. ‘ಮೋಡ ಕವಿದದ್ದೇ ಅಜ್ಜಿ ಕೈಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಓಡಿದಳು’ ಎಂಬ ಸಾಲು ಓದಿದರೆ ಶಿರಸಿ, ಸಿದ್ದಾಪುರದ ತೋಟದ ಮನೆಯ ಮಗುವಿಗೆ ಒಣಹಾಕಿದ ಅಡಿಕೆ ಕಣ್ಣಿಗೆ ಬರುತ್ತದೆ. ಕಡಲ ದಂಡೆಯ ಮಾಜಾಳಿಯ ಮಗು ‘ಬಟ್ಟೆ ತೆಗೆಯಲು’ ಎನ್ನಬಹುದು. ಅದು ತಪ್ಪಲ್ಲ, ಮುಂದಿನ ಸಾಲಿನಲ್ಲಿ ‘ಚಾಲಿ’ ಎಂಬ ಪದ ಬರುವವರೆಗೂ ಸರಿಯೇ. ಚಾಲಿ ಎಂದರೆ ಬಿಸಿಲಿಗೆ ಒಣಗಿಸಿ ಸುಲಿದ ಅಡಿಕೆ ಎಂದು ತಿಳಿಯದಿದ್ದರೆ ಮಾತ್ರ ಆ ಮಗು ಅಲ್ಲೇ ನಿಂತುಹೋಗುತ್ತದೆ.

ಆದ್ದರಿಂದ ಓದುವ ಮೊದಲು ಅಂಥ ಪದಗಳನ್ನು ಬಿಡಿಸಿ, ಆದರೆ ಮೂರು, ಹೆಚ್ಚೆಂದರೆ ನಾಲ್ಕು. ಆಯ್ಕೆಗೆ ಒಂದೇ ಅಳತೆಗೋಲು: ಈ ಪದ ತಿಳಿಯದಿದ್ದರೆ ಕಥೆ ಮುರಿಯುತ್ತದೆಯೇ? ಮುರಿಯುವುದಿಲ್ಲವಾದರೆ ಬಿಡಿ, ಓದುತ್ತಾ ಊಹಿಸಿಕೊಳ್ಳಲಿ. ಇಪ್ಪತ್ತು ಪದಗಳ ಅರ್ಥ ಹಲಗೆ ಮೇಲೆ ಬರೆದು ನಕಲು ಮಾಡಿಸುವ ಪದ್ಧತಿಯಿಂದ ಅರ್ಧ ಅವಧಿ ಹೋಗುತ್ತದೆ. ‘ಆನಂದ – ಸಂತೋಷ’ ಎಂದು ಬರೆದುಕೊಂಡ ಮಗು ಓದುವಾಗ ಆ ಪಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಪದವನ್ನು ವಸ್ತು, ಚಿತ್ರ ಅಥವಾ ಅಭಿನಯದಿಂದ ತೋರಿಸಿ, ಒಂದು ವಾಕ್ಯದಲ್ಲಿ ಬಳಸಿ, ಮಕ್ಕಳಿಂದ ಇನ್ನೊಂದು ವಾಕ್ಯ ಹೇಳಿಸಿ. ಅಷ್ಟು ಸಾಕು.

ಹಂತ 3: ನೀವು ಗಟ್ಟಿಯಾಗಿ ಯೋಚಿಸಿ

ಇಡೀ ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಹೆಚ್ಚಿನವರು ಬಿಟ್ಟುಬಿಡುವುದು ಇದೇ. ಓದುತ್ತಾ ನಿಮ್ಮ ಮನಸ್ಸಿನಲ್ಲಿ ಹಾದುಹೋಗುವುದನ್ನು ಮಕ್ಕಳಿಗೆ ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಈ ತುಣುಕು ನೋಡಿ:

ಬೆಳಿಗ್ಗೆ ಗಾಳಿ ಜೋರಾಗಿತ್ತು. ಅಪ್ಪ ದಂಡೆಯವರೆಗೆ ಹೋಗಿ ಬಂದವರು ಬಲೆಯನ್ನು ಮಡಚಿ ಮೂಲೆಗಿಟ್ಟರು. ಅಮ್ಮ ಏನನ್ನೂ ಕೇಳಲಿಲ್ಲ. ಬುಟ್ಟಿಯನ್ನು ಬೋರಲು ಹಾಕಿದಳು. ಅಟ್ಟದಿಂದ ಒಣಮೀನಿನ ಡಬ್ಬಿ ಇಳಿಸಿದಳು. ‘ಇವತ್ತೂ ಇದೇನಾ?’ ಎಂದು ಗೊಣಗಿದ ಮಂಜುವನ್ನು ಅಕ್ಕ ಕಣ್ಣಲ್ಲೇ ಗದರಿಸಿದಳು. ಅಂಗಡಿಯ ಲೆಕ್ಕದ ಚೀಟಿ ಅಪ್ಪನ ಜೇಬಿನಲ್ಲೇ ಉಳಿಯಿತು.

ಹಲಗೆಯ ಮೇಲಿನ ಈ ತುಣುಕನ್ನು ನೀವು ಹೀಗೆ ಓದುತ್ತೀರಿ:

‘ಗಾಳಿ ಜೋರಾಗಿತ್ತು. ಇದನ್ನು ಯಾಕೆ ಮೊದಲೇ ಹೇಳಿದರು? ಗೊತ್ತಿಲ್ಲ, ನೆನಪಿಟ್ಟುಕೊಳ್ಳುತ್ತೇನೆ.’

‘ಬಲೆ ಮಡಚಿ ಮೂಲೆಗಿಟ್ಟರು. ಮೀನಿಗೆ ಹೋಗುವವರು ಬಲೆ ಮಡಚುವುದೇಕೆ? ಓ, ಗಾಳಿ ಅಂದಿದ್ದರಲ್ಲ. ಇವತ್ತು ಕಡಲಿಗೆ ಇಳಿಯುವುದಿಲ್ಲ. ಇದನ್ನು ಎಲ್ಲೂ ಬರೆದಿಲ್ಲ. ಎರಡು ಸಾಲು ಕೂಡಿಸಿ ನಾನೇ ತಿಳಿದುಕೊಂಡೆ.’

‘ಬುಟ್ಟಿ ಬೋರಲು ಹಾಕಿದಳು. ತೊಳೆದು ಒಣಗಲು ಇಟ್ಟಳೇನೋ. ಅಲ್ಲ, ತೊಳೆದಳು ಎಂದು ಇಲ್ಲ. ಅಪ್ಪ ಮೀನು ತಂದಿದ್ದರೆ ಬುಟ್ಟಿ ಏನಾಗುತ್ತಿತ್ತು? ತಲೆ ಮೇಲೆ ಹೊತ್ತು ಮಾರಲು ಹೋಗುತ್ತಿದ್ದಳು. ಇವತ್ತು ಅವಳಿಗೂ ಕೆಲಸವಿಲ್ಲ.’

‘ಇವತ್ತೂ. ಇವತ್ತು ಅಲ್ಲ, ಇವತ್ತೂ. ಅಂದರೆ ನಿನ್ನೆಯೂ ಒಣಮೀನೇ. ಹಾಗಾದರೆ ಗಾಳಿ ಒಂದೇ ದಿನದ್ದಲ್ಲ.’

ಕೊನೆಯ ಸಾಲನ್ನು ನೀವು ಬಿಡಿಸಬೇಡಿ. ಚೀಟಿ ಜೇಬಿನಲ್ಲೇ ಉಳಿದದ್ದೇಕೆ ಎಂಬುದನ್ನು ಮಕ್ಕಳಿಗೆ ಬಿಡಿ. ಇಷ್ಟು ಕೇಳಿಸಿಕೊಂಡ ತರಗತಿಯಲ್ಲಿ ಒಂದಾದರೂ ಮಗು ಸಾಲದ ಮಾತೆತ್ತುತ್ತದೆ.

ಮೂರನೆಯ ನಿಲುಗಡೆಯಲ್ಲಿ ಮೊದಲ ಊಹೆ ತಪ್ಪಿ, ಅದನ್ನು ಸರಿಪಡಿಸಿಕೊಂಡದ್ದನ್ನು ಗಮನಿಸಿ. ಅದು ಬೇಕೆಂದೇ ಇಟ್ಟದ್ದು. ಓದಿದ್ದು ಒಮ್ಮೆಗೇ ತಿಳಿಯಬೇಕು, ತಿಳಿಯದಿದ್ದರೆ ತಾನು ದಡ್ಡ ಎಂಬ ಭಾವನೆ ಮಕ್ಕಳಲ್ಲಿ ಗಟ್ಟಿಯಾಗಿರುತ್ತದೆ. ದೊಡ್ಡವರೂ ಹಿಂದೆ ಹೋಗಿ ನೋಡಿ ತಿದ್ದಿಕೊಳ್ಳುತ್ತಾರೆ ಎಂಬುದನ್ನು ಅವರು ಕಣ್ಣಾರೆ ಕಾಣಬೇಕು.

ಇದು ಕೆಡುವ ಬಗೆಗಳೂ ಇವೆ. ‘ಇದರ ಅರ್ಥ ಏನೆಂದರೆ…’ ಎಂದು ನೀವು ಶುರುಮಾಡಿದ ಕ್ಷಣ ಅದು ವಿವರಣೆಯಾಯಿತು, ಮಕ್ಕಳು ಕೈಕಟ್ಟಿ ಕೂತರು. ಮಾತು ‘ನಾನು’ ಎಂಬುದರ ಸುತ್ತ ಇರಲಿ: ನನಗೆ ಹೀಗನ್ನಿಸಿತು, ನಾನು ಹಿಂದೆ ನೋಡಿದೆ, ನಾನು ತಪ್ಪು ತಿಳಿದಿದ್ದೆ. ಪ್ರತಿ ಸಾಲಿಗೂ ನಿಂತರೆ ಕಥೆ ಚೂರಾಗುತ್ತದೆ, ನೂರು ಪದಕ್ಕೆ ಐದಾರು ನಿಲುಗಡೆ ಮಿತಿ. ಎಲ್ಲಿ ನಿಲ್ಲಬೇಕೆಂದು ಹಿಂದಿನ ದಿನವೇ ಪೆನ್ಸಿಲ್‌ನಿಂದ ಗುರುತು ಹಾಕಿಕೊಳ್ಳಿ, ತರಗತಿಯಲ್ಲಿ ನಿಂತು ಹೊಳೆಯುವುದಿಲ್ಲ. ಮಧ್ಯೆ ‘ಅರ್ಥವಾಯ್ತಾ?’ ಎಂದು ಕೇಳಬೇಡಿ. ‘ಆಯ್ತು ಅಕ್ಕೋರೆ’ ಎಂಬ ಒಕ್ಕೊರಲಿನಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಇದಾದ ಮೇಲೆ ಜವಾಬ್ದಾರಿಯನ್ನು ಮೆಲ್ಲಗೆ ಕೈಬದಲಿಸಿ. ಮೊದಲ ವಾರ ನೀವು ಮಾಡಿ, ಅವರು ನೋಡಲಿ. ಎರಡನೇ ವಾರ ಒಂದು ನಿಲುಗಡೆ ನಿಮ್ಮದು, ಒಂದು ಅವರದು. ಆಮೇಲೆ ಇಬ್ಬಿಬ್ಬರು ಜೋಡಿಯಾಗಿ. ಈ ಕೈಬದಲಾವಣೆಯ ಮಾದರಿಯನ್ನು ಪಿಯರ್ಸನ್ ಮತ್ತು ಗ್ಯಾಲಗರ್ ಎಂಬ ಸಂಶೋಧಕರು 1983ರಲ್ಲಿ ರೂಪಿಸಿದರು. ಬಹಳಷ್ಟು ತರಗತಿಗಳಲ್ಲಿ ಬಿಟ್ಟುಹೋಗುವುದು ಮಧ್ಯದ ವಾರ. ತೋರಿಸಿದ ಮರುದಿನವೇ ‘ಈಗ ನೀವೇ ಮಾಡಿ’ ಎಂದುಬಿಡುತ್ತೇವೆ.

ಹಂತ 4: ಕನ್ನಡದ ಗಂಟುಗಳನ್ನು ಬಿಡಿಸಿ

ಇಂಗ್ಲಿಷ್ ತರಗತಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಈ ಭಾಗ ಸಿಗುವುದಿಲ್ಲ. ಕನ್ನಡದ ವಾಕ್ಯದಲ್ಲಿ ಅರ್ಥ ಪದದ ಬಾಲದಲ್ಲಿ ಕೂತಿರುತ್ತದೆ, ಸರಾಗ ಓದುವ ಮಗು ಎಡವುವುದೂ ಅಲ್ಲೇ. ವಾರಕ್ಕೊಮ್ಮೆ ಹದಿನೈದು ನಿಮಿಷ ಒಂದೊಂದು ಗಂಟಿಗೆ ಕೊಡಿ.

‘ದರೆ’ ಮತ್ತು ‘ದರೂ’. ಹಲಗೆಯ ಮೇಲೆ ಎರಡು ಅರ್ಧ ವಾಕ್ಯ ಬರೆಯಿರಿ: ‘ಹೊಳೆ ತುಂಬಿದರೆ…’, ‘ಹೊಳೆ ತುಂಬಿದರೂ…’. ಮಕ್ಕಳು ಮುಗಿಸಲಿ. ಎರಡಕ್ಕೂ ‘ಶಾಲೆಗೆ ಬರಲು ಆಗುವುದಿಲ್ಲ’ ಎಂದು ಬರೆಯುವ ಮಕ್ಕಳು ಐದನೇ ತರಗತಿಯಲ್ಲೂ ಸಿಗುತ್ತಾರೆ. ಅವರಿಗೆ ‘ದರೂ’ ಎಂದರೆ ‘ಆಗಬಾರದಿತ್ತು, ಆದರೂ ಆಯಿತು’ ಎಂದು ಮೂರು–ನಾಲ್ಕು ಉದಾಹರಣೆಗಳಿಂದ ತೋರಿಸಿ.

ಅಡಗಿದ ಕರ್ತೃ. ‘ರಮೇಶ ಗಣಪತಿಗೆ ತನ್ನ ಸೈಕಲ್ ಕೊಟ್ಟ. ಸಂಜೆ ಮನೆಗೆ ನಡೆದೇ ಹೋದ.’ ನಡೆದವನು ಯಾರು? ಎರಡನೇ ವಾಕ್ಯದಲ್ಲಿ ಹೆಸರೂ ಇಲ್ಲ, ‘ಅವನು’ ಎಂಬುದೂ ಇಲ್ಲ. ಸೈಕಲ್ ಯಾರದ್ದು, ಈಗ ಯಾರ ಬಳಿ ಇದೆ ಎಂದು ಯೋಚಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಮಕ್ಕಳು ಕ್ರಿಯಾಪದದಿಂದ ಕರ್ತೃವಿನವರೆಗೆ ಸೀಸದ ಕಡ್ಡಿಯಲ್ಲಿ ಬಾಣ ಎಳೆಯಲಿ. ‘ತಾನು’, ‘ತನ್ನ’, ‘ಇವರು’, ‘ಅದು’ ಬಂದಲ್ಲೆಲ್ಲ ಹೀಗೆಯೇ ಬಾಣ ಎಳೆಯಿಸಿ. ಹತ್ತು ಸಾಲಿನ ಸಂಭಾಷಣೆಯಲ್ಲಿ ಯಾರು ಯಾರಿಗೆ ಹೇಳಿದರು ಎಂಬುದು ಕಲಸುಮೇಲೋಗರವಾಗುವುದು ಈ ಅಭ್ಯಾಸ ಇಲ್ಲದ್ದರಿಂದ.

ಉದ್ದದ ವಿಶೇಷಣ. ‘ಜಾತ್ರೆಯಲ್ಲಿ ಅಜ್ಜ ಕೊಡಿಸಿದ ಗಾಡಿಯನ್ನು ಕಳೆದುಕೊಂಡ ತಮ್ಮನನ್ನು ಅಮ್ಮ ಸಮಾಧಾನ ಮಾಡಿದಳು.’ ಇದರೊಳಗೆ ಮೂರು ಘಟನೆ ಇವೆ, ಮುಖ್ಯ ಮಾತು ಕಟ್ಟಕಡೆಗೆ ಬರುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಆರಂಭ ಮರೆತಿರುತ್ತದೆ. ಮೂರು ಚಿಕ್ಕ ವಾಕ್ಯ ಮಾಡಿಸಿ: ಅಜ್ಜ ಗಾಡಿ ಕೊಡಿಸಿದ. ತಮ್ಮ ಅದನ್ನು ಕಳೆದುಕೊಂಡ. ಅಮ್ಮ ಅವನನ್ನು ಸಮಾಧಾನ ಮಾಡಿದಳು. ಬಿಡಿಸುವುದು ಬಂದಮೇಲೆ ಮೂರನ್ನು ಒಂದಾಗಿ ಹೆಣೆಯಿಸಿ.

ಹಂತ 5: ನಾಲ್ಕು ಕೆಲಸ, ಮೊದಲು ಬೇರೆ ಬೇರೆ, ಆಮೇಲೆ ಒಟ್ಟಿಗೆ

1984ರಲ್ಲಿ ಪಾಲಿಂಕ್ಸಾರ್ ಮತ್ತು ಬ್ರೌನ್ ಎಂಬ ಸಂಶೋಧಕರು ಪ್ರಕಟಿಸಿದ ಅಧ್ಯಯನದಿಂದ ಹೆಸರಾದ ವಿಧಾನವಿದು. ಶಿಕ್ಷಕರ ಪಾತ್ರವನ್ನು ಮಕ್ಕಳು ಸರದಿಯಂತೆ ವಹಿಸುತ್ತಾರೆ, ಕನ್ನಡದಲ್ಲಿ ‘ಪರಸ್ಪರ ಬೋಧನೆ’ ಎನ್ನಬಹುದು. ಅದರಲ್ಲಿ ನಾಲ್ಕು ಕೆಲಸ. ರಟ್ಟಿನ ಕಾರ್ಡುಗಳ ಮೇಲೆ ಹೀಗೆ ಬರೆಯಿರಿ:

ಮುಂದೇನು: ‘ಮುಂದೆ ಹೀಗಾಗಬಹುದು, ಯಾಕೆಂದರೆ ಇಲ್ಲಿ … ಎಂದಿದೆ.’
ಕೇಳು: ‘ಯಾಕೆ…? ಹೇಗೆ ಗೊತ್ತಾಯಿತು?’
ಗಂಟು ಬಿಡಿಸು: ‘ಈ ಪದ ಅಥವಾ ಸಾಲು ತಿಳಿಯಲಿಲ್ಲ. ಹಿಂದೆ–ಮುಂದೆ ನೋಡಿದರೆ…’
ಒಂದೇ ಮಾತು: ‘ಈ ಭಾಗದಲ್ಲಿ ಆದದ್ದು ಇಷ್ಟು…’

ಮೂಲ ಅಧ್ಯಯನದಲ್ಲಿ ಇದ್ದದ್ದು ಏಳನೇ ತರಗತಿಯ ಮಕ್ಕಳು, ಸಣ್ಣ ಗುಂಪುಗಳು. ನಾಲ್ಕನೇ ತರಗತಿಗೆ ನಾಲ್ಕೂ ಕಾರ್ಡುಗಳನ್ನು ಒಂದೇ ದಿನ ಕೊಟ್ಟರೆ ಗದ್ದಲ ಮಾತ್ರ ಉಳಿಯುತ್ತದೆ. ಒಂದು ಕಾರ್ಡಿಗೆ ಎರಡು ವಾರ ಕೊಡಿ. ಆಗಸ್ಟ್‌ನಲ್ಲಿ ಹಿಡಿದರೆ ದಸರಾ ರಜೆಯ ಹೊತ್ತಿಗೆ ನಾಲ್ಕೂ ಮುಗಿಯುತ್ತವೆ, ರಜೆಯ ನಂತರ ಗುಂಪು ಕೆಲಸ ಆರಂಭಿಸಬಹುದು. ನಾಲ್ವರ ಗುಂಪು, ಒಬ್ಬರಿಗೊಂದು ಕಾರ್ಡು, ಒಂದು ಪ್ಯಾರಾ ಮುಗಿದ ಮೇಲೆ ಕಾರ್ಡು ಬಲಕ್ಕೆ ದಾಟಲಿ. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

‘ಮುಂದೇನು’ ಕಾರ್ಡಿನಲ್ಲಿ ‘ಯಾಕೆಂದರೆ’ ಕಡ್ಡಾಯ. ಅದಿಲ್ಲದಿದ್ದರೆ ಹುಲಿ ಬರುತ್ತದೆ, ದೆವ್ವ ಬರುತ್ತದೆ ಎಂದು ಮನಸ್ಸಿಗೆ ಬಂದದ್ದೆಲ್ಲ ಹೇಳುತ್ತಾರೆ. ಊಹೆ ನಿಜವಾಯಿತೇ ಎಂಬುದಕ್ಕೆ ಅಂಕ ಕೊಡಬೇಡಿ, ಆಧಾರ ತೋರಿಸಿದರೇ ಎಂದು ನೋಡಿ.

‘ಕೇಳು’ ಕಾರ್ಡಿಗೆ ಮೊದಲು ಪ್ರಶ್ನೆಗಳ ಜಾತಿ ಕಲಿಸಬೇಕು. ಮೂರು ಸಾಕು. ‘ಅಲ್ಲೇ ಇದೆ’: ಬೆರಳಿಟ್ಟು ತೋರಿಸಬಹುದಾದದ್ದು. ‘ಕೂಡಿಸಬೇಕು’: ಎರಡು ಕಡೆಯ ಮಾಹಿತಿ ಸೇರಿಸಿದರೆ ಸಿಗುವುದು. ‘ನನ್ನದನ್ನೂ ಸೇರಿಸಬೇಕು’: ಓದಿದ್ದಕ್ಕೆ ತನಗೆ ಗೊತ್ತಿದ್ದದ್ದು ಸೇರಿದರೆ ಸಿಗುವುದು. ಮೇಲಿನ ತುಣುಕಿನಲ್ಲಿ ‘ಅಮ್ಮ ಏನನ್ನು ಇಳಿಸಿದಳು?’ ಮೊದಲನೆಯದು, ‘ಅಪ್ಪ ಬಲೆ ಮಡಚಿದ್ದೇಕೆ?’ ಎರಡನೆಯದು, ‘ಅಕ್ಕ ಮಂಜುವನ್ನು ಗದರಿಸಿದ್ದೇಕೆ?’ ಮೂರನೆಯದು. ಮಕ್ಕಳು ಪ್ರಶ್ನೆ ಮಾಡಿದ ಮೇಲೆ ಅದು ಯಾವ ಜಾತಿ ಎಂದು ಅವರೇ ಹೇಳಲಿ. ಗುಂಪಿಗೆ ಒಂದಾದರೂ ಎರಡನೇ ಅಥವಾ ಮೂರನೇ ಜಾತಿಯ ಪ್ರಶ್ನೆ ಬರಬೇಕು ಎಂಬ ನಿಯಮವಿರಲಿ.

‘ಗಂಟು ಬಿಡಿಸು’ ಕಾರ್ಡು ಹಿಡಿದ ಮಗು ‘ನನಗೆ ಎಲ್ಲ ತಿಳಿಯಿತು’ ಎಂದರೆ ‘ಒಂದನೇ ತರಗತಿಯ ಮಗುವಿಗೆ ಯಾವ ಸಾಲು ಕಷ್ಟ?’ ಎಂದು ಕೇಳಿ. ತನಗೆ ತಿಳಿಯದ್ದನ್ನೇ ಅದು ತೋರಿಸುತ್ತದೆ.

ಹಂತ 6: ಸಾರ ಹೇಳಿಸಿ

ನಾಲ್ಕು ಕಾರ್ಡುಗಳಲ್ಲಿ ಕಷ್ಟದ್ದು ಇದು, ‘ಒಂದೇ ಮಾತು’. ಮಕ್ಕಳು ಮಾಡುವುದು ಎರಡೇ: ಮೊದಲ ಸಾಲನ್ನು ಎತ್ತಿ ಬರೆಯುವುದು, ಇಲ್ಲವೇ ಎಲ್ಲವನ್ನೂ ‘ಆಮೇಲೆ, ಆಮೇಲೆ’ ಎಂದು ಪೋಣಿಸುವುದು.

ಕಥೆಗೆ ಒಂದು ಚೌಕಟ್ಟು ಕೊಡಿ: ಯಾರು, ಏನು ಬೇಕಿತ್ತು, ಅಡ್ಡಿ ಏನು, ಕೊನೆಗೆ ಏನಾಯಿತು. ನಾಲ್ಕಕ್ಕೂ ಉತ್ತರ ಸೇರಿಸಿ ಒಂದು ವಾಕ್ಯ. ಮಾಹಿತಿ ಬರಹಕ್ಕೆ ಈ ಚೌಕಟ್ಟು ಒಗ್ಗುವುದಿಲ್ಲ. ಅಲ್ಲಿ ಅಳಿಸುವ ವಿಧಾನ ಬಳಸಿ. ಉದಾಹರಣೆಗೆ (ಗಜನಿ ಎಂದರೆ ಉಪ್ಪುನೀರು ಹೊಗುವ ತಗ್ಗು ಗದ್ದೆ):

ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪುನೀರು ಹೊಕ್ಕರೂ ಇದು ಸಾಯುವುದಿಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ರೈತರು ತೆನೆಯನ್ನು ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಆ ಹುಲ್ಲು ಕೊಳೆತು ಮೀನು, ಸಿಗಡಿಗಳಿಗೆ ಆಹಾರವಾಗುತ್ತದೆ.

ಹಲಗೆಯ ಮೇಲೆ ಬರೆದು ಒಂದೊಂದೇ ಸಾಲನ್ನು ಕೈಯಿಂದ ಮುಚ್ಚಿ, ‘ಇದು ಹೋದರೆ ಏನು ಕಳೆಯಿತು?’ ಎಂದು ಕೇಳಿ. ಎರಡನೆಯದೂ ಮೂರನೆಯದೂ ಒಂದೇ ಬಗೆಯ ಮಾತು, ‘ಕಷ್ಟ ತಡೆದುಕೊಳ್ಳುತ್ತದೆ’ ಎಂದು ಕೂಡಿಸಬಹುದು ಎಂದು ಮಕ್ಕಳೇ ಕಂಡುಕೊಳ್ಳಬೇಕು. ಆಮೇಲೆ ಹಲಗೆ ಒರೆಸಿ, ಹನ್ನೆರಡು ಪದದೊಳಗೆ ಬರೆಯಲು ಹೇಳಿ. ‘ಉಪ್ಪುನೀರು, ನೆರೆ ತಡೆಯುವ ಕಗ್ಗದ ತೆನೆ ಜನರಿಗೆ, ಹುಲ್ಲು ಮೀನಿಗೆ’ ಎಂಬಷ್ಟು ಬಂದರೆ ಬಹಳ ಒಳ್ಳೆಯ ಸಾರ. ಹಲಗೆ ಒರೆಸುವುದನ್ನು ಮರೆಯಬೇಡಿ, ಕಣ್ಣೆದುರು ಇದ್ದರೆ ನಕಲು ತಪ್ಪುವುದಿಲ್ಲ.

ಪಾಠಪುಸ್ತಕದ ಹೊರಗೆ ಒಂದಿಷ್ಟು

ಯಕ್ಷಗಾನದ ಕರಪತ್ರ, ಜಾತ್ರೆಯ ಆಮಂತ್ರಣ, ಬಸ್ ನಿಲ್ದಾಣದ ವೇಳಾಪಟ್ಟಿ ಎಲ್ಲವೂ ಆಗುತ್ತವೆ. ಆದರೆ ನಮ್ಮ ಜಿಲ್ಲೆಯ ಮಕ್ಕಳು ಪ್ರಾಣ ಕೊಟ್ಟು ಓದುವ ಬರಹವೊಂದಿದೆ, ಮಳೆ ರಜೆಯ ಸುದ್ದಿ. ಹೀಗೊಂದು ಬರೆದುಕೊಳ್ಳಿ:

ಭಾರಿ ಮಳೆಯ ಮುನ್ಸೂಚನೆ ಇರುವುದರಿಂದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲೂಕುಗಳ ಅಂಗನವಾಡಿ, ಪ್ರಾಥಮಿಕ ಹಾಗೂ ಪ್ರೌಢಶಾಲೆಗಳಿಗೆ ನಾಳೆ ರಜೆ ಘೋಷಿಸಲಾಗಿದೆ.

ಶಿರಸಿಯ ಶಾಲೆಗೆ ರಜೆಯೇ? ಕುಮಟೆಯಲ್ಲಿ ಪಿಯುಸಿ ಓದುವ ಅಕ್ಕನಿಗೆ? ಇದನ್ನು ನಿನ್ನೆ ಸಂಜೆ ಬರೆದಿದ್ದರೆ ರಜೆ ಯಾವತ್ತು? ಮೂರೂ ಪ್ರಶ್ನೆಗೆ ಉತ್ತರ ಬರಹದಲ್ಲಿ ನೇರವಾಗಿ ಇಲ್ಲ, ಆದರೆ ಬರಹದಿಂದಲೇ ಸಿಗುತ್ತದೆ. ಹೇಳದೆ ಬಿಟ್ಟದ್ದೂ ಮಾಹಿತಿಯೇ ಎಂದು ಕಲಿಸಲು ಇದಕ್ಕಿಂತ ಸುಲಭದ ಉದಾಹರಣೆ ಸಿಗುವುದು ಕಷ್ಟ.

ಒಂದೇ ಕೋಣೆಯಲ್ಲಿ ಹಲವು ತರಗತಿ ಇದ್ದರೆ

ನಾಲ್ಕು–ಐದನ್ನು ಒಟ್ಟಿಗೆ ಕೂರಿಸಿ ಒಂದೇ ತುಣುಕು ಕೊಡಿ. ಐದನೆಯವರು ಬರೆದು ಉತ್ತರಿಸಲಿ, ನಾಲ್ಕನೆಯವರು ಬಾಯಲ್ಲಿ. ಒಂದರಿಂದ ಮೂರರ ಮಕ್ಕಳಿಗೆ ಕಾರ್ಡು ಬೇಡ. ದಿನಕ್ಕೆ ಹತ್ತು ನಿಮಿಷ ಕಥೆ ಓದಿ ಹೇಳಿ, ಮಧ್ಯೆ ಎರಡು ಕಡೆ ನಿಂತು ‘ಮುಂದೇನು, ಯಾಕೆ?’ ಎಂದು ಕೇಳಿದರೆ ಸಾಕು. ಹಂತ 3ರ ಗಟ್ಟಿ ಯೋಚನೆಯನ್ನು ಅವರೂ ಕೇಳಿಸಿಕೊಳ್ಳುತ್ತಿರುತ್ತಾರೆ, ತಡೆಯಬೇಡಿ.

ಅಳೆಯುವುದು ಮತ್ತು ಪ್ರಶ್ನೆಪತ್ರಿಕೆ

ದಿನಕ್ಕೊಂದು ಮಗುವಿನ ಮರುಕಥನ ಕೇಳಿ, ನೋಟ್‌ಬುಕ್ಕಿನಲ್ಲಿ ಮೂರು ಗುರುತು ಹಾಕಿ: ಮುಖ್ಯ ಘಟನೆಗಳು ಬಂದವೇ, ಕ್ರಮ ಸರಿಯೇ, ‘ಯಾಕೆ’ ಎಂಬುದಕ್ಕೆ ಆಧಾರ ತೋರಿಸಿತೇ. ಮೂರನೆಯದು ಎಲ್ಲಕ್ಕಿಂತ ನಿಧಾನವಾಗಿ ಬರುತ್ತದೆ. ಎರಡು ತಿಂಗಳು ಬರದಿದ್ದರೂ ಕ್ರಮ ಬದಲಿಸಬೇಡಿ, ತುಣುಕನ್ನು ಸುಲಭ ಮಾಡಿ ನೋಡಿ.

ರೂಪಣಾತ್ಮಕ (ಕಲಿಕೆಯ ನಡುವಿನ) ಮತ್ತು ಸಂಕಲನಾತ್ಮಕ (ಅವಧಿಯ ಕೊನೆಯ) ಪರೀಕ್ಷೆಗಳಿಗೆ ನೀವೇ ಪ್ರಶ್ನೆಪತ್ರಿಕೆ ಮಾಡುವುದಾದರೆ, ಗದ್ಯ ಓದಿ ಉತ್ತರಿಸುವ ಐದು ಪ್ರಶ್ನೆಗಳಲ್ಲಿ ಎರಡಾದರೂ ‘ಅಲ್ಲೇ ಇದೆ’ ಜಾತಿಯವಾಗದಿರಲಿ. ತರಗತಿಯಲ್ಲಿ ಉತ್ತರ ಬರೆಸಿದ ಗದ್ಯಭಾಗವನ್ನೇ ಮತ್ತೆ ಕೊಡಬೇಡಿ, ಅದು ನೆನಪಿನ ಪರೀಕ್ಷೆಯಾಗುತ್ತದೆ. ಪ್ರಶ್ನೆಗಳು ಸಿದ್ಧವಾದ ಮೇಲೆ ಗದ್ಯವನ್ನು ಮುಚ್ಚಿಟ್ಟು ಪ್ರಶ್ನೆಗಳನ್ನು ಮಾತ್ರ ಓದಿ ನೋಡಿ. ಗದ್ಯ ಓದದೆಯೇ ಉತ್ತರಿಸಬಹುದಾದ ಪ್ರಶ್ನೆ ಇದ್ದರೆ ತೆಗೆದುಹಾಕಿ. ಉಳಿದವುಗಳಲ್ಲಿ, ಪ್ರಶ್ನೆಯ ಪದಗಳೇ ಗದ್ಯದಲ್ಲಿ ಅದೇ ಕ್ರಮದಲ್ಲಿ ಸಿಗುತ್ತಿದ್ದರೆ ಪದ ಬದಲಿಸಿ: ‘ಅಮ್ಮ ಏನನ್ನು ಬೋರಲು ಹಾಕಿದಳು?’ ಎಂಬುದರ ಬದಲು ‘ಅಮ್ಮನಿಗೆ ಅಂದು ಕೆಲಸವಿರಲಿಲ್ಲ ಎಂದು ಯಾವ ಸಾಲಿನಿಂದ ತಿಳಿಯುತ್ತದೆ?’